ಚಿರತೆ ಇರೋ ಊರಲ್ಲಿ ಬಯಲು ಶಿಶುವಿಹಾರ

ನಾಲ್ಕು ವರ್ಷದ ನಿಮ್ಮ ಮಗುವನ್ನು ದಿನಾ ಬೆಳಗ್ಗೆ ಕಾಡಿಗೆ ಕಳಿಸ್ತೀರಾ ಅಂತ ಯಾರಾದರೂ ಕೇಳಿದರೆ ನೀವೇನು ಹೇಳ್ತೀರಿ? ಕೇಳಿದವರಿಗೆ ತಲೆ ಸರಿ ಇದೆಯಾ ಅಂತ ನೋಡ್ತೀರಿ. ಆದರೆ ಡೆನ್ಮಾರ್ಕ್‌ನಲ್ಲಿ, ಜರ್ಮನಿಯಲ್ಲಿ ಅಪ್ಪ ಅಮ್ಮ ಹೆಸರು ಬರೆಸಿ, ಸೀಟಿಗೆ ಕಾದು ಕಳಿಸ್ತಾರೆ. ಮೂರರಿಂದ ಆರು ವರ್ಷದ ಮಕ್ಕಳ ಶಿಶುವಿಹಾರ. ಗೋಡೆ ಇಲ್ಲ, ಬೆಂಚಿಲ್ಲ, ಸ್ಲೇಟಿಲ್ಲ. ಮಳೆ ಬಂದರೆ ರೇನ್‌ಕೋಟು, ಹಿಮ ಬಿದ್ದರೆ ದಪ್ಪ ಬೂಟು. ಇಡೀ ಬೆಳಗ್ಗೆ ಮರದ ಕೆಳಗೇ. 1950ರ ದಶಕದಲ್ಲಿ ಡೆನ್ಮಾರ್ಕಿನ ಎಲ್ಲಾ ಫ್ಲಾಟೌ ಎಂಬ ತಾಯಿ ತನ್ನ ಮಕ್ಕಳ ಜೊತೆ ನೆರೆಮನೆ ಮಕ್ಕಳನ್ನೂ ಕರ್ಕೊಂಡು ಕಾಡಿಗೆ ಹೋಗೋಕೆ ಶುರು ಮಾಡಿದ್ದು ಇದರ ಮೂಲ ಅಂತಾರೆ. ಜರ್ಮನಿಯ ಫ್ಲೆನ್ಸ್‌ಬರ್ಗ್‌ನಲ್ಲಿ ಇಂಥದ್ದೊಂದಕ್ಕೆ ಸರ್ಕಾರದ ಮಾನ್ಯತೆ ಸಿಕ್ಕಿದ್ದು 1993ರಲ್ಲಿ. ಈಗ ಆ ದೇಶದಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ.

ಇದರ ವಿಡಿಯೋ ಮೊಬೈಲ್‌ಗೆ ಬಂದಾಗೆಲ್ಲ ನಮ್ಮವರು ಹಾಕೋ ಕಾಮೆಂಟ್ ಒಂದೇ: "ನಮ್ಮಲ್ಲಿ ಯಾಕಿಲ್ಲ?" ಒಳ್ಳೆ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಹುಡುಕೋಕೆ ನಾನು ನಿಮ್ಮನ್ನು ಕೊಡಗಿಗೂ ಕರ್ಕೊಂಡು ಹೋಗಲ್ಲ, ಚಿಕ್ಕಮಗಳೂರಿಗೂ ಕರ್ಕೊಂಡು ಹೋಗಲ್ಲ. ತುಮಕೂರು, ಗುಬ್ಬಿ, ಕುಣಿಗಲ್, ಈ ಮೂರು ತಾಲ್ಲೂಕು ಸಾಕು. ಯಾಕಂದ್ರೆ ಪುಟ್ಟ ಮಕ್ಕಳಿಗೆ ಕಾಡುಪ್ರಾಣಿ ಬಗ್ಗೆ ಕಲಿಸಬೇಕಾ ಬೇಡ್ವಾ ಅನ್ನೋದು ಅಲ್ಲಿ ಹವ್ಯಾಸದ ಪ್ರಶ್ನೆ ಅಲ್ಲ. ಜೀವದ ಪ್ರಶ್ನೆ.

2019ರ ಕೊನೆ ನೆನಪು ಮಾಡ್ಕೊಳ್ಳಿ. ಹೆಬ್ಬೂರು, ಸಿ.ಎಸ್.ಪುರ, ಕುಣಿಗಲ್ ಗಡಿ, ಈ ಸುತ್ತಿನ ಹಳ್ಳಿಗಳಲ್ಲಿ ಚಿರತೆ ದಾಳಿ ಶುರುವಾಯ್ತು. 2020ರ ಫೆಬ್ರವರಿ ಮುಗಿಯೋ ಹೊತ್ತಿಗೆ ನಾಲ್ಕು ಜೀವ ಹೋಗಿತ್ತು. ಅದರಲ್ಲಿ ಇಬ್ಬರು ಪುಟ್ಟ ಮಕ್ಕಳು. ಅವರ ಹೆಸರು, ಊರು ಇಲ್ಲಿ ಮತ್ತೆ ಬರೆಯಲ್ಲ, ಆ ಮನೆಯವರು ಸಾಕಷ್ಟು ಕ್ಯಾಮೆರಾ ನೋಡಿದಾರೆ. ಅರಣ್ಯ ಇಲಾಖೆ ಬೋನು ಇಟ್ಟಿತು, ಮರಕ್ಕೆ ಕ್ಯಾಮೆರಾ ಕಟ್ಟಿತು. ಆ ಕೆಲವು ತಿಂಗಳು ಆ ಸೀಮೆಯಲ್ಲಿ ಸಂಜೆ ಆದಮೇಲೆ ತೋಟಕ್ಕೆ ನೀರು ಬಿಡೋಕೂ ಜನ ಒಬ್ಬೊಬ್ಬರೇ ಹೋಗ್ತಿರಲಿಲ್ಲ. ಮಕ್ಕಳನ್ನು ಒಳಗೆ ಕೂರಿಸಿ ಬಾಗಿಲು ಹಾಕೋದು, ಅದೊಂದೇ ಪಾಠ ಆಗಿತ್ತು.

ಬಾಗಿಲು ಹಾಕಿದ್ದು ತಪ್ಪಲ್ಲ. ಆದರೆ ಎಷ್ಟು ವರ್ಷ ಹಾಕ್ತೀರಿ?

ಚಿರತೆ ಅಲ್ಲಿಂದ ಎಲ್ಲೂ ಹೋಗಲ್ಲ, ಇದನ್ನು ಮೊದಲು ಅರ್ಥ ಮಾಡ್ಕೋಬೇಕು. 2022ರ ರಾಷ್ಟ್ರೀಯ ಅಂದಾಜಿನಲ್ಲಿ ಕರ್ನಾಟಕದ ಚಿರತೆಗಳು 1,879. ಈ ಎಣಿಕೆ ಮುಖ್ಯವಾಗಿ ಹುಲಿ ಇರೋ ಕಾಡುಗಳದ್ದು. ತುಮಕೂರಿನಂಥ ಕಡೆ, ಅಂದ್ರೆ ಕಲ್ಲುಗುಡ್ಡ, ಕುರುಚಲು ಕಾಡು, ಅದರ ಬುಡದಲ್ಲೇ ತೆಂಗು ಅಡಿಕೆ ತೋಟ ಇರೋ ಕಡೆ ಬದುಕೋ ಚಿರತೆಗಳು ಅದರಲ್ಲಿ ಸರಿಯಾಗಿ ಬರೋದೇ ಇಲ್ಲ. ಹುಲಿಗೆ ದೊಡ್ಡ ಕಾಡು ಬೇಕು. ಚಿರತೆಗೆ ಹಗಲು ಮಲಗೋಕೆ ಒಂದು ಬಂಡೆ ಸಂದು ಅಥವಾ ಒಂದು ಲಂಟಾನ ಪೊದೆ, ರಾತ್ರಿ ತಿನ್ನೋಕೆ ಒಂದು ನಾಯಿನೋ ಕುರಿನೋ ಸಿಕ್ಕರೆ ಸಾಕು. ಅದು ಹೆಚ್ಚಾಗಿ ಹಿಡಿಯೋದು ಹತ್ತರಿಂದ ನಲವತ್ತು ಕಿಲೋ ತೂಗೋ ಪ್ರಾಣಿಗಳನ್ನು. ನಾಲ್ಕು ವರ್ಷದ ಮಗುವಿನ ತೂಕ ಸುಮಾರು ಹದಿನೈದು ಕಿಲೋ. ಇದನ್ನು ಓದೋಕೆ ಹಿಂಸೆ ಆಗುತ್ತೆ, ಬರೆಯೋಕೂ ಆಗುತ್ತೆ. ಆದರೆ ಮಗುವೇ ಯಾಕೆ ಅನ್ನೋದಕ್ಕೆ ಶಾಪ, ದ್ವೇಷ ಅಂತೆಲ್ಲ ಕಾರಣ ಕಟ್ಟೋ ಬದಲು ಈ ಲೆಕ್ಕ ಗೊತ್ತಿರೋದು ಒಳ್ಳೇದು. ಚಿರತೆಗೆ ಮನುಷ್ಯ ಬೇಟೆ ಅಲ್ಲ. ನೆಟ್ಟಗೆ ನಿಂತ ದೊಡ್ಡವರನ್ನು ಕಂಡರೆ ಸಾಮಾನ್ಯವಾಗಿ ಸರಿದು ಹೋಗುತ್ತೆ. ಮಬ್ಬುಗತ್ತಲಲ್ಲಿ, ಪೊದೆ ಪಕ್ಕ, ಒಂಟಿಯಾಗಿರೋ ಕುಳ್ಳ ಆಕಾರ ಕಂಡಾಗ ಅಪಾಯ. ಬಗ್ಗಿ ಕೂತ ದೊಡ್ಡವರಿಗೂ ಅದೇ.

ಗೋಡೆ ಕಟ್ಟಿದರೆ ಆಯ್ತಲ್ಲ ಅಂತೀರಾ? 2016ರ ಫೆಬ್ರವರಿ 7ರಂದು ಬೆಂಗಳೂರಿನ ಒಂದು ದೊಡ್ಡ ಖಾಸಗಿ ಶಾಲೆಗೇ ಚಿರತೆ ನುಗ್ಗಿತ್ತು. ಕಾಂಪೌಂಡ್ ಇತ್ತು, ಸೆಕ್ಯುರಿಟಿ ಇತ್ತು, ಸಿಸಿಟಿವಿ ಇತ್ತು. ಭಾನುವಾರ ಆಗಿದ್ದರಿಂದ ತರಗತಿಗಳಿರಲಿಲ್ಲ. ಈಜುಕೊಳದ ಹತ್ತಿರ ಅದರ ಹಲ್ಲಿಗೆ ಸಿಕ್ಕಿದ್ದು ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ. ಆ ದೃಶ್ಯ ನೀವೆಲ್ಲ ನೋಡಿರ್ತೀರಿ, ದೇಶವೇ ನೋಡಿತ್ತು. ಹೆಸರೇ ಹೇಳೋ ಹಾಗೆ ಅವರು ಗುಬ್ಬಿ ಕಡೆಯವರು. ಮೊದಲು ಎಲೆಕ್ಟ್ರಿಕಲ್ ಇಂಜಿನಿಯರ್, ಆಮೇಲೆ ಅದನ್ನು ಬಿಟ್ಟು ಕಾಡಿನ ದಾರಿ ಹಿಡಿದವರು. (ಇಂಜಿನಿಯರಿಂಗ್ ಓದಿ ಬೇರೆ ಕೆಲಸಕ್ಕೆ ಬಂದವರಲ್ಲಿ ನಾನೂ ಒಬ್ಬ. ಆದರೆ ನನ್ನನ್ನು ಚಿರತೆ ಕಚ್ಚಿಲ್ಲ, ಪ್ಯಾನೆಲ್ ಚರ್ಚೆಯವರು ಮಾತ್ರ.) ಅಷ್ಟಾದ ಮೇಲೂ ಅವರು ಚಿರತೆ ಮೇಲಿನ ಕೆಲಸ ಬಿಡಲಿಲ್ಲ. ಮಾರನೇ ವರ್ಷ ಅವರಿಗೆ ವಿಟ್ಲೆ ಪ್ರಶಸ್ತಿ ಬಂತು. 2021ರಲ್ಲಿ ಚಿರತೆಗಳ ಮೇಲೇ ಪುಸ್ತಕ ಬರೆದರು.

ಈಗ ಬಯಲು ಶಿಶುವಿಹಾರಕ್ಕೆ ವಾಪಸ್ ಬರೋಣ. ಅಲ್ಲಿ ಏನು ಕಲಿಸ್ತಾರೆ ಅಂತ ಕೇಳಿದರೆ ಎಲ್ಲರೂ ಎಲೆ, ಹೂವು, ಚಿಟ್ಟೆ ಅಂತಾರೆ. ಅದೆಲ್ಲ ಇದೆ. ಆದರೆ ಮೊದಲ ವಾರದಿಂದಲೇ ಮಕ್ಕಳಿಗೆ ರೂಢಿ ಆಗೋದು ನಿಯಮಗಳು. ಕಾಡಿನ ದಾರಿಯಲ್ಲಿ ನಿಲ್ಲೋ ಜಾಗಗಳು ಗೊತ್ತಾಗಿರ್ತವೆ, ಈ ಮರದ ತನಕ ಓಡಬಹುದು, ಅಲ್ಲಿ ನಿಂತು ಎಲ್ಲರೂ ಬರೋ ತನಕ ಕಾಯಬೇಕು. ಟೀಚರ್ ಕಣ್ಣಿಗೆ ಕಾಣೋ ಅಷ್ಟೇ ದೂರ. ಕಂಡ ಹಣ್ಣನ್ನು ಬಾಯಿಗೆ ಹಾಕೋ ಹಾಗಿಲ್ಲ. ಸತ್ತ ಪ್ರಾಣಿ ಮುಟ್ಟೋ ಹಾಗಿಲ್ಲ. ಮೂರು ವರ್ಷದ ಮಗುವಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ ಅಂತ ಅನ್ನಿಸಬಹುದು. ನೋಡಿ, ಒಲೆ ಮುಟ್ಟಬಾರದು ಅಂತ ನಮ್ಮ ಮಕ್ಕಳು ಯಾವ ವಯಸ್ಸಿಗೆ ಕಲಿತವು? ಒಲೆ ಇರೋ ಅಡುಗೆಮನೆಯಲ್ಲೇ ಓಡಾಡಿ ಕಲಿತವು. ಒಲೆ ಚಿತ್ರ ತೋರಿಸಿ ಯಾರೂ ಕಲಿಸಲಿಲ್ಲ.

ನಮ್ಮ ಎಲ್‌ಕೆಜಿ ಗೋಡೆ ನೋಡಿ ಒಂದ್ಸಲ. ಸಿಂಹ, ಜಿರಾಫೆ, ಜೀಬ್ರಾ, ಪೆಂಗ್ವಿನ್. ತುಮಕೂರು ಪೇಟೆಯ ಮಗು ಪೆಂಗ್ವಿನ್ ಬಣ್ಣ ಹೇಳುತ್ತೆ, ಕಿಟಕಿ ಸರಳ ಮೇಲೆ ಕೂತು ಕಿರುಚ್ತಾ ಇರೋ ಗೊರವಂಕದ ಹೆಸರು ಹೇಳಲ್ಲ. ತಪ್ಪು ಮಗುವಿನದಲ್ಲ, ಚಾರ್ಟ್ ಎಲ್ಲಿ ಪ್ರಿಂಟ್ ಆಗಿದೆಯೋ ಆ ಊರಿನದು.

ಕಲಿಯೋಕೆ ಇಲ್ಲಿ ಏನಿಲ್ಲ ಹೇಳಿ? ತುಮಕೂರಿನಿಂದ ಅರ್ಧ ಗಂಟೆ ದಾರಿ ದೇವರಾಯನದುರ್ಗ. ಆ ಬೆಟ್ಟಸಾಲಿನಲ್ಲಿ ಹುಟ್ಟೋ ಜಯಮಂಗಲಿ ಉತ್ತರಕ್ಕೆ ಹರಿದು ಪೆನ್ನಾರ್ ಸೇರುತ್ತೆ. ಅದೇ ಬೆಟ್ಟದ ಇನ್ನೊಂದು ಮೈಯಲ್ಲಿ ಹುಟ್ಟೋ ಶಿಂಷಾ ಗುಬ್ಬಿಯ ಕಡಬ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಡ್ಯಾಮ್ ಹಾಯ್ದು ಕಾವೇರಿಗೆ ಹೋಗುತ್ತೆ. ಒಂದೇ ಮೋಡದ ಮಳೆ, ಅರ್ಧ ಆಂಧ್ರಕ್ಕೆ, ಅರ್ಧ ಕಾವೇರಿಗೆ. ಇದನ್ನು ಐದು ವರ್ಷದ ಮಗುವಿಗೆ ತೋರಿಸೋಕೆ ಬೆಟ್ಟಕ್ಕೇ ಹೋಗಬೇಕಿಲ್ಲ. ಅಂಗಳದಲ್ಲಿ ಮಣ್ಣು ಗುಡ್ಡೆ ಮಾಡಿ ಮೇಲಿಂದ ಒಂದು ಚೊಂಬು ನೀರು ಹುಯ್ದರೆ ಸಾಕು. ಮಾರ್ಕೋನಹಳ್ಳಿಯಲ್ಲಿ ತಾನಾಗೇ ಕೆಲಸ ಮಾಡೋ ಸೈಫನ್‌ಗಳಿವೆ, ನೀರು ಒಂದು ಮಟ್ಟಕ್ಕೆ ಬಂದ ತಕ್ಷಣ ಯಾರೂ ಗೇಟ್ ಎತ್ತದೇ ಹೆಚ್ಚಿನ ನೀರು ಹೊರಗೆ ಹೋಗುತ್ತೆ. ಒಂದು ಬಕೆಟ್ಟು, ಒಂದು ಗಜ ಪೈಪು ಇದ್ದರೆ ಸೈಫನ್ ಆಟವನ್ನೂ ಆಡಿಸಬಹುದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೂತ್ರ ಬರೆದು ಪಾಸಾದವರಿಗಿಂತ ಚೆನ್ನಾಗಿ ಆ ಮಕ್ಕಳಿಗೆ ನೆನಪಿರುತ್ತೆ ಅಂತ ನನ್ನ ಗುಮಾನಿ.

ಮುಂಗಾರು ಹಿಡಿದ ಮೇಲೆ ಹೊಲದ ಬಾವಿ ಪಕ್ಕದ ಈಚಲು ಮರಕ್ಕೆ ಗೀಜಗ ಬರುತ್ತೆ. ಗೂಡು ಹೆಣೆಯೋದು ಗಂಡು. ಅರ್ಧ ಆದಮೇಲೆ ಹೆಣ್ಣು ಬಂದು ಒಳಗೆ ಹೊರಗೆ ನೋಡುತ್ತೆ. ಒಪ್ಪಿಗೆ ಆದರೆ ಮಾತ್ರ ಪೂರ್ತಿ ಕಟ್ಟೋದು, ಇಲ್ಲಾಂದ್ರೆ ಆ ಅರ್ಧ ಗೂಡು ಹಾಗೇ ನೇತಾಡುತ್ತೆ. ಇದನ್ನು ಹದಿನೈದು ದಿನ, ದಿನಾ ಐದು ನಿಮಿಷ ನಿಂತು ನೋಡಿದ ಮಗುವಿಗೆ ಕಾಯೋದು ಅಂದ್ರೇನು ಅಂತ ಗೊತ್ತಾಗುತ್ತೆ. ಗುಬ್ಬಿ ಊರಿನ ಹೆಸರಂತೂ ಹಕ್ಕಿಯದೇ. ದಿನಾ ಬಂದು ಪುರಾಣ ಕೇಳ್ತಿದ್ದ ಜೋಡಿ ಗುಬ್ಬಿಗಳು ಪುರಾಣ ಮುಗಿದ ದಿನ ಪ್ರಾಣ ಬಿಟ್ಟವು, ಅದಕ್ಕೇ ಊರಿಗೆ ಆ ಹೆಸರು ಅಂತ ಒಂದು ಐತಿಹ್ಯ ಇದೆ. ಕಥೆ ಹೇಳಿ, ಆಮೇಲೆ ಗುಬ್ಬಿ ಮರಿಗೆ ತಾಯಿ ಕಾಳು ಕೊಡಲ್ಲ, ಹುಳ ಹಿಡಿದು ತಂದು ಕೊಡುತ್ತೆ ಅನ್ನೋದನ್ನೂ ತೋರಿಸಿ. ಎರಡೂ ಬೇಕು. ಕುಣಿಗಲ್ ದೊಡ್ಡಕೆರೆ ಮೇಲಿನ ಜನಪದ ಹಾಡು ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಆ ಕೆರೆ ಏರಿ ಮೇಲೆ ನಿಂತು ಬೆಳ್ಳಕ್ಕಿ ಯಾವುದು, ನೀರುಕಾಗೆ ಯಾವುದು ಅಂತ ಬೆರಳು ತೋರಿಸಿ ಹೇಳಬಲ್ಲ ಮಕ್ಕಳು ಎಷ್ಟಿದಾರೆ?

ಇದು ನಮ್ಮಲ್ಲಿ ಹೊಸ ಯೋಚನೆಯೂ ಅಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು, ಮಕ್ಕಳಿಗಾಗಿ ವಿಶ್ವಕೋಶವನ್ನೇ ಬರೆದರು. ನಮ್ಮ ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ' ಇದೆ, ಸರ್ಕಾರಿ ಶಾಲೆ ಮಕ್ಕಳನ್ನು ಕಾಡಿಗೆ ಕರ್ಕೊಂಡು ಹೋಗುತ್ತೆ. ಆದರೆ ಅದು ದೊಡ್ಡ ಮಕ್ಕಳಿಗೆ, ಅದೂ ಒಂದು ಪ್ರವಾಸದ ಹಾಗೆ. ಮೂರರಿಂದ ಆರು ವರ್ಷದವರ ದಿನನಿತ್ಯಕ್ಕೆ ಏನಿದೆ?

ಅಂಗನವಾಡಿ ಇದೆ. ಐಸಿಡಿಎಸ್ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ಕರ್ನಾಟಕದಲ್ಲಿ ಮೊದಲು ತಿ.ನರಸೀಪುರದಲ್ಲಿ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಜರ್ಮನಿಯವರು ಊರಿಂದ ಕಾಡಿಗೆ ಹೋಗಬೇಕು. ನಮ್ಮ ಎಷ್ಟೋ ಅಂಗನವಾಡಿಗಳ ಬಾಗಿಲಲ್ಲೇ ಹೊಂಗೆ ಮರ, ಬೇಲಿ ಆಚೆ ರಾಗಿ ಹೊಲ, ಅದರಾಚೆ ತೋಟ. ಬಯಲು ಶಿಶುವಿಹಾರಕ್ಕೆ ಬೇಕಾದ ಬಯಲು ನಮ್ಮ ಹತ್ರ ಮೊದಲಿಂದಲೂ ಇದೆ. ಬೇಕಾದ ಕೈಗಳಿಲ್ಲ. ಒಂದು ಅಂಗನವಾಡಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಆ ಕಾರ್ಯಕರ್ತೆ ಮಕ್ಕಳ ತೂಕ ನೋಡಬೇಕು, ಮೊಬೈಲಲ್ಲಿ ಪೋಷಣ್ ಟ್ರ್ಯಾಕರ್ ತುಂಬಬೇಕು, ಗರ್ಭಿಣಿಯರ ಮಾತೃಪೂರ್ಣ ಊಟ ನೋಡಬೇಕು, ಲಸಿಕೆಗೆ ಕರೆಸಬೇಕು, ಸರ್ವೆ ಬಂದರೆ ಮನೆ ಮನೆ ತಿರುಗಬೇಕು. ಸಹಾಯಕಿ ಒಲೆ ಮುಂದೆ. ಇಪ್ಪತ್ತು ಮಕ್ಕಳನ್ನು ಮರದ ಕೆಳಗೆ ಕರ್ಕೊಂಡು ಹೋಗೋರು ಯಾರು? ಮುಂದೆ ಒಬ್ಬರು, ಹಿಂದೆ ಒಬ್ಬರು ಇಲ್ಲದೆ ಹೊರಡಬಾರದು, ಅದು ಎಲ್ಲ ದೇಶದ ಬಯಲು ಶಿಶುವಿಹಾರಗಳ ಮೊದಲ ಪಾಠ. 2020ರ ಶಿಕ್ಷಣ ನೀತಿ ಮೂರು ವರ್ಷದ ಮಗುವನ್ನೂ ಕಲಿಕೆಯ ಲೆಕ್ಕಕ್ಕೆ ತಂದಿತು. ಸಂತೋಷ. ಆದರೆ ಆ ಲೆಕ್ಕದಲ್ಲಿ ಇನ್ನೊಬ್ಬ ಅಮ್ಮನ ಸಂಬಳ ಎಲ್ಲಿದೆ ಅಂತ ಕೇಳೋದು ನನ್ನ ಕೆಲಸ.

ಹೊರಗೆ ಬಿಡೋದರಿಂದ ಮಗುವಿನ ಮೈಗೇನು ಲಾಭ ಅಂತ ಕೇಳೋರಿಗೆ ಎರಡೇ ಉದಾಹರಣೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಾ 40 ನಿಮಿಷ ಹೆಚ್ಚುವರಿಯಾಗಿ ಹೊರಗಿನ ಚಟುವಟಿಕೆ ಕೊಟ್ಟರು. ಮೂರು ವರ್ಷದಲ್ಲಿ ಆ ಮಕ್ಕಳಲ್ಲಿ ದೂರದ್ದು ಕಾಣದ ಕಣ್ಣಿನ ತೊಂದರೆ ಬಂದಿದ್ದು ಶೇ 30ರಷ್ಟು ಮಂದಿಗೆ, ಎಂದಿನಂತೆ ಒಳಗೇ ಇದ್ದ ಶಾಲೆಗಳಲ್ಲಿ ಶೇ 39ಕ್ಕೂ ಹೆಚ್ಚು. 2015ರಲ್ಲಿ ಇದು ಪ್ರಕಟವಾಯ್ತು. ಫಿನ್ಲೆಂಡ್‌ನಲ್ಲಿ ಶಿಶುವಿಹಾರದ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲು ತಂದು ಹಾಸಿ, ಮಕ್ಕಳನ್ನು ಅದರಲ್ಲಿ ಆಡೋಕೆ ಬಿಟ್ಟರು. 28 ದಿನಕ್ಕೇ ಚರ್ಮದ ಮೇಲಿನ ಒಳ್ಳೆಯ ಸೂಕ್ಷ್ಮಾಣುಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆ ಹದ ಆಗ್ತಿರೋ ಲಕ್ಷಣ ಕಂಡಿತು. ನೋಡಿದ್ದು 75 ಮಕ್ಕಳನ್ನು ಮಾತ್ರ, ಸಣ್ಣ ಪ್ರಯೋಗ. ಆದರೆ ಮಣ್ಣಲ್ಲಿ ಆಡಬೇಡ ಅಂತ ಗದರೋ ಮುಂಚೆ ಒಂದ್ಸಲ ಯೋಚಿಸೋ ಅಷ್ಟು ಸಾಕು.

ಹಾವಿನ ಮಾತೂ ಇಲ್ಲೇ ಆಗಿಬಿಡಲಿ. ಚಿರತೆ ಸುದ್ದಿ ಆಗುತ್ತೆ, ಹಾವು ಸುದ್ದಿ ಆಗಲ್ಲ. ಆದರೆ ದೇಶದಲ್ಲಿ ವರ್ಷಕ್ಕೆ ಸುಮಾರು 58 ಸಾವಿರ ಜನ ಹಾವು ಕಡಿದು ಸಾಯ್ತಾರೆ ಅನ್ನೋ ಅಂದಾಜಿದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕನ್ನು ಮಗು ಗುರುತಿಸಬೇಕಾಗಿಲ್ಲ, ಗುರುತಿಸೋಕೆ ಹತ್ತಿರ ಹೋಗಲೂಬಾರದು. ಕಲ್ಲು ಸಂದಿಗೆ, ಸೌದೆ ರಾಶಿಗೆ ಕೈ ಹಾಕಬಾರದು, ಹಾವು ಕಂಡರೆ ನಿಂತಲ್ಲೇ ನಿಂತು ನಿಧಾನಕ್ಕೆ ಹಿಂದೆ ಸರಿದು ದೊಡ್ಡವರನ್ನು ಕೂಗಬೇಕು, ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಕಾಲಿಡಬಾರದು. ಇಷ್ಟೇ. ಈ ಮೂರು ಮಾತನ್ನು ನಾಲ್ಕು ವರ್ಷದ ಮಗು ಆಟದಲ್ಲೇ ಕಲಿಯುತ್ತೆ. ಮನೆಗೆ ಹೋಗಿ ಬರಿಗಾಲಲ್ಲಿ ತೋಟಕ್ಕೆ ಹೊರಟ ತಾತನಿಗೆ ಪಾಠವನ್ನೂ ಹೇಳುತ್ತೆ. ಅಜ್ಜಿ ತಾತ ನನ್ನಂಥವನ ಮಾತು ಕೇಳಲ್ಲ, ಮೊಮ್ಮಗಳ ಮಾತು ಕೇಳ್ತಾರೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಮಗುವಿಗೆ ಕಲಿಸಿಬಿಟ್ಟೆವು, ಇನ್ನು ಅದೇ ನೋಡ್ಕೊಳ್ಳುತ್ತೆ ಅಂದುಕೊಂಡರೆ ಕೆಟ್ಟಿರಿ. ಚಿರತೆಯಿಂದ ಮಗುವನ್ನು ಕಾಪಾಡೋ ಜವಾಬ್ದಾರಿ ಮಗುವಿನ ಮೇಲೆ ಹಾಕೋಕಾಗಲ್ಲ. ಅಂಗನವಾಡಿಯಿಂದ ಮನೆ ತನಕ ದಾರಿ ಪಕ್ಕದ ಪೊದೆ ಕಡಿಸೋದು ಪಂಚಾಯಿತಿ. ಬೀದಿದೀಪ ಹಾಕಿಸೋದು ಪಂಚಾಯಿತಿ. ಕೋಳಿ ಅಂಗಡಿ ಕಸ ಊರ ಬದಿಗೆ ಸುರಿದರೆ ನಾಯಿ ಸೇರುತ್ತೆ, ನಾಯಿ ಹಿಂದೆ ಚಿರತೆ ಬರುತ್ತೆ. ಅದನ್ನು ನಿಲ್ಲಿಸಬೇಕಾದ್ದು ಅಂಗಡಿಯವರು, ಕೇಳಬೇಕಾದ್ದು ನಾವು. ಕುರಿ ರೊಪ್ಪಕ್ಕೆ ಗಟ್ಟಿ ಬಾಗಿಲು ಬೇಕು. ಬೆಟ್ಟಗಳನ್ನು ಕ್ವಾರಿ ಮಾಡಿ ಸಿಡಿಸ್ತಾ ಹೋದರೆ ಬಂಡೆ ಸಂದಿನಲ್ಲಿದ್ದದ್ದು ತೋಟಕ್ಕೆ ಇಳಿಯದೇ ಇನ್ನೇನು ಮಾಡುತ್ತೆ?

ಹಿಡಿದು ಬೇರೆ ಕಡೆ ಬಿಟ್ಟರೆ ಆಗಲ್ವಾ ಅನ್ನೋರಿಗೆ ಮಹಾರಾಷ್ಟ್ರದ ಜುನ್ನರ್ ಉತ್ತರ ಕೊಟ್ಟಿದೆ. ಅಲ್ಲಿ ಸಿಕ್ಕ ಸಿಕ್ಕ ಚಿರತೆ ಹಿಡಿದು ಕಾಡಿಗೆ ಬಿಡ್ತಾ ಹೋದರು. ಜನರ ಮೇಲಿನ ದಾಳಿ ಕಡಿಮೆ ಆಗಲಿಲ್ಲ, ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತು. ವಿದ್ಯಾ ಆತ್ರೇಯ ಮತ್ತು ಜೊತೆಗಾರರ ಅಧ್ಯಯನ ಇದನ್ನು ದಾಖಲಿಸಿದೆ. ಗೊತ್ತಿಲ್ಲದ ಜಾಗಕ್ಕೆ ತಂದು ಬಿಟ್ಟ ಪ್ರಾಣಿ ದಿಕ್ಕು ತಪ್ಪುತ್ತೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತೆ. ಮನುಷ್ಯರನ್ನೇ ಹಿಡಿಯೋಕೆ ಶುರು ಮಾಡಿದ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಲದ ಬದಿ ಕಂಡ ಪ್ರತಿ ಚಿರತೆಗೂ ಬೋನು ಕೇಳೋದು ಬೇರೆ. ಟಿವಿಯಲ್ಲಿ ಬೋನು ಚೆನ್ನಾಗಿ ಕಾಣುತ್ತೆ, ಪೊದೆ ಕಡಿಯೋದು ಕಾಣಲ್ಲ. ಶಾಸಕರಿಗೂ ಅದು ಗೊತ್ತು.

ಅಂಗನವಾಡಿ ಹೊತ್ತು ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕು. ಚಿರತೆಯ ಹೊತ್ತು ಸಂಜೆ ಮಬ್ಬಿನಿಂದ ಬೆಳಗಿನ ಮಬ್ಬಿನ ತನಕ. ಇವೆರಡೂ ಬೇರೆ ಬೇರೆ. ಹಾಗಾಗಿ ಹಗಲು ಬೆಳಕಲ್ಲಿ, ಪೊದೆ ಕಡಿದ ಅಂಗಳದಲ್ಲಿ, ಇಬ್ಬರು ದೊಡ್ಡವರ ಕಣ್ಣಳತೆಯಲ್ಲಿ ಮಗು ಹೊರಗಿರಬಹುದು, ಇರಬೇಕು. ಕೇಳೋದಾದರೆ ಗುಬ್ಬಿ, ಕುಣಿಗಲ್ ಕಡೆಯವರು ತಮ್ಮ ಪಂಚಾಯಿತಿಯಲ್ಲಿ ಮುಂದಿನ ಗ್ರಾಮಸಭೆಗೆ ಇದನ್ನೇ ಕೇಳಲಿ. ನಮ್ಮ ಅಂಗನವಾಡಿ ಸುತ್ತ ಐವತ್ತು ಹೆಜ್ಜೆ ಪೊದೆ ತೆಗೆಸಿ, ದಿನಕ್ಕೆ ಒಂದು ಗಂಟೆ ಮಕ್ಕಳ ಜೊತೆ ಮರದ ಕೆಳಗೆ ಕೂರೋಕೆ ಇನ್ನೊಬ್ಬರನ್ನು ಕೊಡಿ. ಊರಲ್ಲೇ ಒಬ್ಬ ಅಜ್ಜಿ ಇರ್ತಾರೆ, ಯಾವ ಸೊಪ್ಪು ತಿನ್ನೋದು, ಯಾವುದು ವಿಷ, ಯಾವ ಹಕ್ಕಿ ಕೂಗಿದರೆ ಮಳೆ ಅಂತ ಎಲ್ಲ ಗೊತ್ತಿರೋರು. ಅವರಿಗೆ ಗೌರವಧನ ಕೊಟ್ಟು ಕರೆಯಿರಿ. ಸಂಜೆ ನಾಲ್ಕಾದ ಮೇಲೆ ಮಕ್ಕಳನ್ನು ಗುಂಪಾಗಿ, ದೊಡ್ಡವರ ಜೊತೆ, ಬೆಳಕಿರೋ ಹಾಗೇ ಮನೆ ಮುಟ್ಟಿಸಿ.